ಹನ್ನೊಂದನೆಯ ಪ್ರಶ್ನೆಗೆ ಉತ್ತರ

ಆಯೋಗದ ಲಕೋಟೆ ಬಂತು ಕೌಲ್ ಬಜಾರಿಗೆ,
ನಲವತ್ತೆರಡು ಹಾಳೆ.
ಓದಿ ಹೇಳಿದ್ದು ವಾಷಿಂಗ್ ಯೂನಿಟ್ಟಿನ ಲೆಕ್ಕದ ಹುಡುಗ,
ತಿರುವಿದ ಹಾಳೆಗೆಲ್ಲ ಅವನ ಹೆಬ್ಬೆರಳಿನ ನೀಲಿ.
ಹತ್ತು ಪ್ರಶ್ನೆ ಸಲೀಸು. ಹೆಸರು ಪದ್ಮಾಬಾಯಿ ಪಿಸೆ,
ಮಿಷನ್ನು ಒಂಬತ್ತು, ಆಳು ಹದಿನಾಲ್ಕು,
ಮಾಲು ಜೀನ್ಸ್ ಪ್ಯಾಂಟು.
ಹನ್ನೊಂದನೆಯದು:
'ಸಂಬಂಧಪಟ್ಟ ಮಾರುಕಟ್ಟೆ ಯಾವುದು, ವಿವರಿಸಿ.'

ಸ್ವಾಮಿ, ವಿವರಿಸುತ್ತೇನೆ.
ನಮ್ಮ ಮಾವನ ಕಾಲಕ್ಕೆ ಮಾರುಕಟ್ಟೆ ಅಂದ್ರೆ
ಸ್ಟೇಷನ್ನಿನ ಎದುರು ಲಾಡ್ಜಿನಲ್ಲಿ ಇಳಿಯೋ ಸೇಟು.
ಹೊಲಿಗೆ ಜಗ್ಗಿ ನೋಡೋನು, ಜಿಪ್ಪು ಏಳು ಸಲ ಎಳೆಯೋನು,
ಒಗ್ಗರಣೆ ಮಿರ್ಚಿ ತಿಂದು
ಎಣ್ಣೆಗೈಯಲ್ಲೇ ರೇಟು ಮುರಿಯೋನು.
ಮೋಸ ಇರಲಿಲ್ಲ ಅನ್ನೋದಿಲ್ಲ. ಇತ್ತು.
ಆದ್ರೆ ಮೋಸಕ್ಕೊಂದು ಮುಖ ಇತ್ತು,
ಸಂಜೆ ಹೋಗಿ ಬೈದು ಬರಬಹುದಿತ್ತು.

ಈಗಿನ ಮಾರುಕಟ್ಟೆ ಅಂಗೈಯಗಲ ಗಾಜು.
ಕಟ್ಟೆ ಕಂಪನಿಯದು, ಕಟ್ಟೆ ಮೇಲಿನ ದೀಪ ಕಂಪನಿಯದು,
ತಕ್ಕಡಿ, ಕಲ್ಲು, ಕೂಗೋ ಗಂಟಲು ಕಂಪನಿಯದು.
ಇರಲಿ ಅಂತ ಬಾಡಿಗೆ ಕೊಟ್ಟೆವು, ನೂರಕ್ಕೆ ಹದಿನೆಂಟು,
ಆಮೇಲೆ ಇಪ್ಪತ್ತಾರು.
ಒಂದು ಬೆಳಿಗ್ಗೆ ನೋಡಿದರೆ
ಅದೇ ಕಟ್ಟೆ ಮೇಲೆ ಕಂಪನಿಯದೇ ಅಂಗಡಿ,
ನಮಗಿಂತ ಮುಂದೆ, ನಮಗಿಂತ ಅಗ್ಗ,
ಹಿಂದಿನ ಜೇಬಿನ ಮೇಲೆ ನನ್ನ ಗುಡ್ಡ.

ಗುಡ್ಡ ಅಂದ್ರೆ ನಮ್ಮ ಬಳ್ಳಾರಿ ಗುಡ್ಡ, ಸ್ವಾಮಿ.
ಮಾಳಿಗೆ ಮೇಲೆ ಪ್ಯಾಂಟು ಹರವುತ್ತಾ
ಅದರ ಬೆನ್ನು ನೋಡಿ ನೋಡಿ
ಕಿತ್ತಳೆ ದಾರದಲ್ಲಿ ನಾನು ಎಳೆದ ಗೆರೆ.
ಎಡಕ್ಕೆ ಇಳಿಯುವ ತಿರುವಿನಲ್ಲಿ ಒಂದು ಹೊಲಿಗೆ ಹಾರುತ್ತೆ.
ಅದು ಗುಡ್ಡದ್ದಲ್ಲ, ನಮ್ಮ ಮೂರನೇ ಮಿಷನ್ನಿನ ಚಟ.
ಕಂಪನಿಯ ಪ್ಯಾಂಟನ್ನು ದುಡ್ಡು ಕೊಟ್ಟೇ ತರಿಸಿದೆ.
ಕನ್ನಡಕ ಹಾಕಿಕೊಂಡು ಎಣಿಸಿದೆ.
ಅಲ್ಲೂ ಹಾರಿತ್ತು,
ಅದೇ ತಿರುವಿನಲ್ಲಿ, ಹದಿನೇಳನೆಯದು.

ಅವರ ವಕೀಲರು ಬರೆದಿದ್ದಾರೆ:
ಗಿರಾಕಿಗೆ ಆಯ್ಕೆ ಐತೆ, ಈಯಮ್ಮನಿಗೂ ಐತೆ,
ಒಲ್ಲದಿದ್ದರೆ ಬೇರೆ ಕಡೆ ಮಾರಬಹುದು.
ಬೇರೆ ಕಡೆ.
ಎಷ್ಟು ಚೆಂದ ಐತೆ ಊರಿನ ಹೆಸರು.
ಗುಂತಕಲ್ ದಾಟಿದ ಮೇಲೆ ಎಷ್ಟನೇ ಸ್ಟೇಷನ್ನು,
ಅದನ್ನ ಮಾತ್ರ ಬರೆದಿಲ್ಲ.

ಇದನ್ನು ಬರೆಯುವಾಗಲೂ ಫೋನು ಗುಂಯ್ ಅಂತು:
ಮೂವತ್ತೆರಡು ಸೊಂಟ, ಎರಡು ಪೀಸು, ಸಂಜೆಯೊಳಗೆ.
ಪೆನ್ನು ಕೆಳಗಿಟ್ಟು ಪ್ಯಾಕು ಮಾಡಿದೆ,
ಅವರದೇ ಹೆಸರಿನ ಟೇಪು ಸುತ್ತಿ.
ನಾಚಿಕೆಗೆ ನಿಮ್ಮ ಹಾಳೆಯಲ್ಲಿ ಕಾಲಂ ಇಲ್ಲ,
ಅದಕ್ಕೇ ಅಂಚಿನಲ್ಲಿ ಬರೆದಿದ್ದೇನೆ.

ನಿನ್ನೆ ಮೆಕ್ಯಾನಿಕ್ ಹೊನ್ನೂರಸಾಬ್ ಬಂದಿದ್ದ.
'ಅಕ್ಕಾ, ಆ ಮೂರನೇದನ್ನ ಸರಿ ಮಾಡಿಬಿಡ್ಲಾ,
ಒಂದು ಸ್ಕ್ರೂ ಅಷ್ಟೇ.'
ಬೇಡಪ್ಪಾ, ಅಂದೆ.
ಎಣ್ಣೆ ಬಿಡು, ಧೂಳು ಒರೆಸು.
ಹಿಯರಿಂಗ್ ಮುಗಿಯೋವರೆಗೂ
ಆ ಸ್ಕ್ರೂ ಮುಟ್ಟಬೇಡ.