ಪುಟ ಇನ್ನೂರ ಹದಿನಾಲ್ಕು

ನೆವಾಡದ ಈ ಕೋರ್ಟಿನಲ್ಲಿ ಮೂವತ್ತಮೂರು ವರ್ಷ
ಆಡಿದ್ದನ್ನೆಲ್ಲ ಬೆರಳಲ್ಲಿ ಹಿಡಿದವಳು ನಾನು.
ಕೆಮ್ಮು ಬರೆಯುವುದಿಲ್ಲ. ನಿಟ್ಟುಸಿರು ಬರೆಯುವುದಿಲ್ಲ.
ತಲೆಯಾಡಿಸಿದರೆ, "ಬಾಯಲ್ಲಿ ಹೇಳಿ" ಎನ್ನುತ್ತಾರೆ ಜಡ್ಜು.

ಮೈತೆ ಗೊಯೆನೆಚೆಯನ್ನು ಮೊದಲು ಕಂಡಾಗ
ಅವಳ ಕೋಟಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.
ಚಿನ್ನದ ಗಣಿಯ ಪರ ವಕೀಲೆ.
ಅಜ್ಜ ಬಾಸ್ಕ್ ಕುರಿಗಾಹಿ, ಬೇಲಿಯಿಲ್ಲದ ಸರ್ಕಾರಿ ನೆಲದಲ್ಲಿ
ಆಸ್ಪೆನ್ ತೊಗಟೆಯ ಮೇಲೆ ಹೆಸರು ಕೆತ್ತಿ ಹೋದವನು;
ಮೊಮ್ಮಗಳು ಅದೇ ನೆಲದ ನಕ್ಷೆ ಹರಡಿ
ಬೆರಳಿಟ್ಟು ಹೇಳಿದಳು:
"ಗಣಿ ಎಷ್ಟೇ ನೀರೆತ್ತಲಿ, ಈ ಒರತೆ ಒಂದಂಗುಲವೂ ಇಳಿಯದು."
ಬರೆದುಕೊಂಡೆ. ಗೆದ್ದಳು.

ಆಮೇಲೆ ಸರ್ಕಾರದ ಕೆಲಸ. ಮೇವಿನ ಪರವಾನಗಿ, ಕಾಡುಕುದುರೆ ಲೆಕ್ಕ,
ಒಂದು ಬೇಲಿಗಂಬ ಹನ್ನೊಂದಡಿ ಆಚೆಗೋ ಈಚೆಗೋ
ಎಂದು ನಾಲ್ಕು ದಿನ.
ಎಲ್ಲರಿಗೂ ಸೇರಿದ ನೆಲಕ್ಕೆ ಎಷ್ಟೊಂದು ಜನ ಒಡೆಯರು!
ನಡುವೆ ಒಂದು ಮದುವೆ ಮುರಿಯಿತಂತೆ. ಅದು ನನ್ನ ದಾಖಲೆಯಲ್ಲಿಲ್ಲ.

ಇಪ್ಪತ್ತೆರಡು ವರ್ಷಕ್ಕೆ ಮತ್ತೆ ಬಂದಳು.
ಹಳೇ ಗಣಿ ಮುಚ್ಚಿತ್ತು; ಬೇರೆ ಕಂಪನಿ, ಬೇರೆ ಗುಡ್ಡ,
ಅದೇ ಒರತೆ. ಈ ಸಲ ಅವಳು ಎದುರು ಮೇಜಿಗೆ,
ಪಕ್ಕದಲ್ಲಿ ಶೊಶೋನಿ ಮುದುಕಿ ಲೆನೋರಾ.
"ಒರತೆಯನ್ನು ಎಂದಿನಿಂದ ಬಲ್ಲಿರಿ?"
"ನನ್ನಜ್ಜಿ ಅಲ್ಲಿ ತಲೆ ತೊಳೆಯುತ್ತಿದ್ದಳು" ಎಂದವಳೇ
ನನ್ನತ್ತ ತಿರುಗಿ, "ಬರೆದೆಯಾ?"
ಅದನ್ನೂ ಬರೆದೆ.

ಗಣಿಯ ವಕೀಲ, ಇನ್ನೂ ಹುಡುಗ, ಎದ್ದು ಓದಿದ:
ಪುಟ ಇನ್ನೂರ ಹದಿನಾಲ್ಕು, ಸಾಲು ಒಂಬತ್ತು. ಒಂದಂಗುಲವೂ ಇಳಿಯದು.
"ಇದು ಯಾರ ಮಾತು, ತಿಳಿಸುವಿರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ;
ನನ್ನ ಕಸುಬಿನಲ್ಲಿ ಆಡಿದ್ದು ಎಲ್ಲಿಗೂ ಹೋಗುವುದಿಲ್ಲ,
ಬೀರುವಿನಲ್ಲಿ ಕೂತು ಕಾಯುತ್ತದೆ.
ಅವಳು ಕನ್ನಡಕ ತೆಗೆದಳು.
ಎಷ್ಟು ಹೊತ್ತೋ. ಮೌನಕ್ಕೆ ನನ್ನ ಯಂತ್ರದಲ್ಲಿ ಕೀಲಿಯಿಲ್ಲ.
"ನನ್ನದೇ. ದಾಖಲೆ ಸರಿಯಿದೆ. ತಪ್ಪಿದ್ದು ನಾನು."

ತೀರ್ಪು ಅರ್ಧ ಆ ಕಡೆ, ಅರ್ಧ ಈ ಕಡೆ. ಮೇಲ್ಮನವಿ ಇನ್ನೂ ನಡೆದಿದೆ.

ನಿವೃತ್ತಿಯ ಮರುದಿನ ಹಳೇ ಪಿಕಪ್ಪಿನಲ್ಲಿ ಬಂದು ಹಾರ್ನ್ ಹೊಡೆದಳು:
"ನಾನೂರು ಸಲ ಟೈಪು ಮಾಡಿದ್ದೀಯ, ಒಮ್ಮೆ ನೋಡು ಬಾ."
ಸೇಜ್ ಗಿಡಗಳ ನಡುವೆ, ದನ ತುಳಿದ ಕೆಸರಿನಲ್ಲಿ
ತುಕ್ಕು ಹಿಡಿದ ಒಂದು ಕೊಳವೆ. ಇಷ್ಟೇನಾ ಅಂದುಕೊಂಡೆ.
ಬಕೆಟ್ ಇಟ್ಟಳು. ಗಡಿಯಾರ ನನ್ನ ಕೈಗೆ ಕೊಟ್ಟಳು.
ತುಂಬಲು ಹನ್ನೊಂದು ನಿಮಿಷ.
ಹಿಂದೆ, ಅವಳೇ ಸಲ್ಲಿಸಿದ ಅಂಕಿಯಲ್ಲಿ, ನಲವತ್ತು ಸೆಕೆಂಡು.
ಇಬ್ಬರೂ ಏನೂ ಆಡಲಿಲ್ಲ.
ತೊಡೆಯ ಮೇಲೆ ನನ್ನ ಬೆರಳುಗಳು ಮಾತ್ರ
ತೊಟ್ಟಿಕ್ಕುವುದನ್ನು ಬರೆಯುತ್ತಿದ್ದವು.