ಐವತ್ತೆರಡು ಪೌಂಡು

ಮಲ್ಲೇಶ್ವರ, ಹದಿನೈದನೇ ಕ್ರಾಸು, ಮೆಟ್ಟಿಲ ಕೆಳಗೆ
ನಾನು, ನನ್ನ ಗಟ್ ಬಿಗಿಯುವ ಯಂತ್ರ,
ಒಂದು ಟ್ಯೂಬ್‌ಲೈಟು. ನಾಲ್ಕನೆಯದಕ್ಕೆ ಜಾಗವಿಲ್ಲ.
ಹಾಗಾಗಿ ಜಗಳವೆಲ್ಲ ಹೊರಗೆ, ಫುಟ್‌ಪಾತಿನ ಮೇಲೆ:
ಆಡಿ ಬಂದ ಮೂವರು, ನೋಡಿ ಬಂದ ಒಬ್ಬರು,
ಎರಡು ಬೈ-ಟು ಕಾಫಿ,
ಕಾಲುಚೀಲಕ್ಕೆ ಮೆತ್ತಿದ ಕೆಮ್ಮಣ್ಣು.

"ಅಂಕೆ ಮಾತಾಡುತ್ತೆ" ಅನ್ನುತ್ತಾರೆ ಗುರುಬಸವ,
ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಮುಳ್ಳಿನ ತಪ್ಪು ಹಿಡಿದವರು.
"ಜೊಕೊವಿಚ್. ಇಪ್ಪತ್ನಾಲ್ಕು. ಏಳಿ, ಮನೆಗೆ ಹೋಗೋಣ."
ಯಾರೂ ಏಳುವುದಿಲ್ಲ.
ಪೂಣಚ್ಚನವರ ಮಂಡಿಗೆ ಎರಡು ಪಟ್ಟಿ.
"ನೋವು ಇಟ್ಕೊಂಡೇ ಹದಿನಾಲ್ಕು ಸಲ ಪ್ಯಾರಿಸ್ ಗೆದ್ದ ನಡಾಲ್ ಮುಂದೆ
ನಿಮ್ಮದು ಯಾವ ಸೀಮೆ ಲೆಕ್ಕ?"
ಆಂಬ್ರೋಸ್ ಅಜ್ಜನಿಗೆ ಎಂಬತ್ತಮೂರು, ಕಿವಿ ಮಂದ,
ತನ್ನ ಸರದಿ ಮಾತ್ರ ಹೇಗೋ ತಿಳಿಯುತ್ತದೆ:
"ಲೇವರ್. ಮರದ ಬ್ಯಾಟು. ಒಂದೇ ವರ್ಷ ನಾಲ್ಕೂ. ಎರಡು ಸಲ."
ಅಷ್ಟೇ. ಮತ್ತೆ ಕಾಫಿ ಊದುತ್ತಾರೆ.

ನರಹರಿ ಮೇಷ್ಟ್ರು ಫೆಡರರ್ ಹೆಸರು ಹೇಳುವುದೇ ಇಲ್ಲ,
"ಅವನು" ಅನ್ನುತ್ತಾರೆ, ಮನೆಯ ಹುಡುಗನೇನೋ ಎಂಬಂತೆ.
ಆ ಒಂಟಿಗೈ ಬ್ಯಾಕ್‌ಹ್ಯಾಂಡು ತೋರಿಸಲು ಗಾಳಿಗೆ ಬೀಸಿ
ಒಮ್ಮೆ ಹೂವಿನವಳ ಬುಟ್ಟಿಯ ಕನಕಾಂಬರ ಚೆಲ್ಲಿ,
ದುಡ್ಡು ಕೊಟ್ಟು, ಮತ್ತೊಮ್ಮೆ ಬೀಸಿ ತೋರಿಸಿದರು.
ಅವರೆದುರು ಆಡಬಾರದ ಮಾತು ಒಂದೇ:
ನಲವತ್ತು-ಹದಿನೈದು.
ಹತ್ತೊಂಬತ್ತರ ಆ ಭಾನುವಾರ, ವಿಂಬಲ್ಡನ್,
ಗೆಲುವಿಗೆ ಒಂದೇ ಪಾಯಿಂಟು, ಅದೂ ಎರಡು ಸಲ,
ಸರ್ವೀಸೂ ಅವನದೇ.
ಗುರುಬಸವ ಚಿಲ್ಲರೆ ಎಣಿಸುವಾಗ ಬೇಕೆಂದೇ ಗಟ್ಟಿಯಾಗಿ
"ನಲವತ್ತು... ಹದಿನೈದು..."
ಮೇಷ್ಟ್ರು ಲೋಟ ಅರ್ಧಕ್ಕೇ ಬಿಟ್ಟು
ಸಂಪಿಗೆ ರಸ್ತೆ ದಾಟಿಬಿಡುವರು.

"ಅರುಳ್, ನೀನೇ ಹೇಳಪ್ಪ" ಅನ್ನುತ್ತಾರೆ ನನಗೆ.
ಹೇಳುವುದಿಲ್ಲ. ನನಗೆ ಗೊತ್ತಿರುವುದು ಗಟ್ಟು.
ಸೊಬಗಿನ ಮಾತಾಡುವ ಮೇಷ್ಟ್ರದು
ಹರಿಯುವುದು ಯಾವಾಗಲೂ ಚೌಕಟ್ಟಿನ ಅಂಚಿಗೆ,
ಚೆಂಡು ನಡುವೆ ತಾಗಿದ ಗುರುತೇ ಇಲ್ಲ.
ಗುರುಬಸವರದು ಹರಿಯುವುದೇ ಇಲ್ಲ, ಬಣ್ಣಗೆಟ್ಟು, ಜೀವ ಹೋಗಿ,
ಹಾಗೇ ಇರುತ್ತದೆ. ಅಷ್ಟು ಜೋಪಾನದ ಹೊಡೆತ.
ಹೋರಾಟದ ಪೂಣಚ್ಚ ಪ್ರತಿ ಸಲ ಕಿವಿಯ ಹತ್ತಿರ ಬಂದು
"ಎರಡು ಪೌಂಡು ಕಮ್ಮಿ ಮಾಡೋ, ಭುಜ ನೋಯುತ್ತೆ."

ಜೂನ್ ಎರಡನೇ ವಾರ ಮೇಷ್ಟ್ರು ಬ್ಯಾಟು ಕೊಟ್ಟು ಹೋದರು.
"ಐವತ್ತೆರಡು. ಅವಸರವೇನಿಲ್ಲ."
ಬಿಗಿದೆ, ಚೀಟಿ ಕಟ್ಟಿದೆ, ಮೊಳೆಗೆ ಹಾಕಿದೆ.
ವಿಂಬಲ್ಡನ್ ಶುರುವಾಯಿತು, ಮುಗಿಯಿತು.
ಕೆ.ಸಿ. ಜನರಲ್ ಅಂದರು ಒಬ್ಬರು. ಅಲ್ಲ, ಜಯದೇವ ಅಂದರು ಇನ್ನೊಬ್ಬರು.
ಆಮೇಲೆ ತಂಗಿಯ ಮನೆಯಂತೆ, ಜಾಲಹಳ್ಳಿ, ಕೆಳಗಿನ ರೂಮು.

ಹೊಡೆಯದಿದ್ದರೂ ಗಟ್ಟು ಸಡಿಲವಾಗುತ್ತದೆ.
ಆಡುವವರು ಇದನ್ನು ನಂಬುವುದಿಲ್ಲ.
ದಿನಾ ಶಟರ್ ಎತ್ತಿ ಬೆರಳಲ್ಲಿ ಮೀಟಿ ನೋಡುತ್ತೇನೆ:
ಐವತ್ತು. ನಲವತ್ತೆಂಟೂವರೆ.

ಹೊರಗೆ ಒಂದು ಲೋಟ ಮಿಗುತ್ತದೆ.
ಮೊದಲ ವಾರ ಗುರುಬಸವ ಇಪ್ಪತ್ನಾಲ್ಕು ಅಂದರು,
ಅಡ್ಡ ಬರುವವರಿಲ್ಲದೆ ಅದು ರಸ್ತೆಗೆ ಬಿದ್ದು ಉರುಳಿಹೋಯಿತು.
ಎರಡನೇ ವಾರ ಮೆಟ್ರೋ, ಕಸದ ಗಾಡಿ, ನೀರಿನ ಟ್ಯಾಂಕರು.
ಮೊನ್ನೆ ಗುರುವಾರ ಪೂಣಚ್ಚ ಸುಮ್ಮನೆ,
ಮಾತಿಗೆ ಮಾತು ಬರಲೆಂದು,
"ನಲವತ್ತು-ಹದಿನೈದು" ಅಂದು ನಕ್ಕರು.

ಗುರುಬಸವ ಲೋಟ ಕೆಳಗಿಟ್ಟರು.
"ನಗೋಕೇನ್ರೀ ಇದೆ ಅದರಲ್ಲಿ?
ಮೂವತ್ತೇಳು ದಾಟಿದ ವಯಸ್ಸು, ಹತ್ತಿರ ಹತ್ತಿರ ಐದು ಗಂಟೆ ಆಟ.
ಒಟ್ಟು ಪಾಯಿಂಟು ಎಣಿಸಿ ಬೇಕಾದ್ರೆ,
ಅವನದೇ ಜಾಸ್ತಿ."
ಅವನದೇ ಅಂದರು. ಹುಟ್ಟಾ ಎರಡು ಕೈಯಲ್ಲಿ ಆಡಿದ ಮನುಷ್ಯ
ಎದ್ದು ನಿಂತು ಒಂದು ಕೈಯಲ್ಲಿ ಗಾಳಿಗೆ ಬೀಸಿದರು,
ಬಹಳ ಕೆಟ್ಟದಾಗಿ.
ಹೂವಿನವಳು ಬುಟ್ಟಿ ಪಕ್ಕಕ್ಕೆಳೆದುಕೊಂಡಳು.
"ಲೇವರ್" ಅಂದರು ಆಂಬ್ರೋಸ್ ಅಜ್ಜ.

ನಾನು ಮೊಳೆಯಿಂದ ಬ್ಯಾಟು ಇಳಿಸಿ
ಒಂದು ಚೆಂಡೂ ಕಾಣದ ಆ ಗಟ್ಟು ಕತ್ತರಿಸಿ ತೆಗೆದು
ಹೊಸದು ಹಾಕಲು ಕೂತೆ.
ಐವತ್ತೆರಡು.