ಬದಲಿ

ವುಕೊವಿಚ್‌ನ ಅಂಗಡಿಯಲ್ಲಿ ಆ ಕಪಾಟು
ಫೆಬ್ರುವರಿಯಿಂದ ಬೋಳು.
ಬೆಲೆಯ ಚೀಟಿಗಳಷ್ಟೇ ಅಂಟಿಕೊಂಡಿವೆ,
ಊರು ಬಿಟ್ಟವರ ಬಾಗಿಲ ಮೇಲಿನ ಹೆಸರಿನಂತೆ.
"ಮಾಮೂಲಿ ಪ್ರೈಮರ್ ಯಾವಾಗ ಬರುತ್ತೋ ದೇವರಿಗೇ ಗೊತ್ತು.
ಮ್ಯಾಗ್ನಮ್ ಇದೆ, ಒಂದೇ ಡಬ್ಬಿ, ನೂರು.
ತಗೊಂಡ್ ಹೋಗು ಮಾರ್ಲಿಸ್, ನಾಳೆ ಇದೂ ಇರಲ್ಲ."
ಹಾಳೂರಿಗೆ ಉಳಿದವನೇ ಗೌಡ.
ತಗೊಂಡೆ.

ಕಡಲೆಬೇಳೆಯಷ್ಟು ಒಂದು ಬಟ್ಟಲು,
ಅದರ ತಳದಲ್ಲಿ ಒಣಗಿಸಿಟ್ಟ ಸಿಟ್ಟು.
ಅದೇ ಅಗಲ, ಅದೇ ಎತ್ತರ,
ಹಿತ್ತಾಳೆಯ ಅದೇ ಗುಳಿಯಲ್ಲಿ
ಅದೇ ಮೆತ್ತನೆ ಸದ್ದು ಮಾಡಿ ಕೂರುತ್ತದೆ.
ನಾಲಿಗೆ ಮಾತ್ರ ಉದ್ದ.
ಉರಿ ಹೆಚ್ಚು.

ನೆಲಮಾಳಿಗೆಯ ಬೆಂಚು ನೆಡ್ರಾಳದು.
ಪ್ರೆಸ್ಸಿನ ಹಿಡಿಕೆಗೆ ಅವಳ ಅಂಗೈ ಕೊಟ್ಟ ಹೊಳಪು.
ಮೊಳೆಗೆ ನೇತುಬಿದ್ದ ನೀಲಿ ನೋಟುಪುಸ್ತಕದಲ್ಲಿ
ತಾರೀಖು, ಮದ್ದು, ತೂಕ, ಗಾಳಿ,
ಪ್ರೈಮರಿನ ಸಾಲಿನಲ್ಲಿ ಹನ್ನೊಂದು ವರ್ಷ
ಮೇಲಿಂದ ಕೆಳಗೆ "ಅದೇ" "ಅದೇ" "ಅದೇ".
ಒಂದು ಪುಟದ ಮೂಲೆಯಲ್ಲಿ, "ಟೀಗನ್ ಇವತ್ತು ನಡೆದಳು."
ನಾನು ಈ ಮನೆಗೆ ಬಂದು ಹದಿನೆಂಟು ತಿಂಗಳು.
ಅವಳ ಚೀಟಿ ನೋಡಿಕೊಂಡೇ ಬ್ರೆಡ್ ಸುಟ್ಟಿದ್ದೇನೆ.
ಅವಳ ರುಚಿ ಬಂದಿಲ್ಲವೆಂದು
ಯಾರೂ ಬಾಯಿಬಿಟ್ಟು ಹೇಳಿಲ್ಲ.
ತಟ್ಟೆಯಲ್ಲಿ ಅರ್ಧ ಬಿಟ್ಟಿದ್ದಾರೆ, ಅಷ್ಟೆ.

ಡೇಲ್ ಲಾರಿಯಲ್ಲಿ ನೆಬ್ರಾಸ್ಕ ದಾಟುತ್ತಿದ್ದಾನೆ.
ಶನಿವಾರ ಬೇಟೆಯ ಋತು ಶುರು,
ಮಗಳಿಗೆ ಇದು ಮೊದಲ ಪರವಾನಗಿ,
ಲೂಯಿಸ್‌ಟೌನಿನಲ್ಲಿ ತೋಟಾ ಕಣ್ಣಿಗೂ ಸಿಗುತ್ತಿಲ್ಲ.
ಅವಳು ಮೂರನೇ ಮೆಟ್ಟಿಲಲ್ಲಿ ಕೂತಿದ್ದಾಳೆ,
ಇಳಿದು ಬರುವುದಿಲ್ಲ, ಎದ್ದು ಹೋಗುವುದೂ ಇಲ್ಲ.
"ಅಮ್ಮನ ತೂಕ ಅಲ್ಲೇ ಇದೆಯಲ್ಲ, ಅಷ್ಟೇ ಹಾಕು."
"ಇದಕ್ಕೆ ಅಷ್ಟು ಹಾಕಿದರೆ ಜಾಸ್ತಿಯಾಗುತ್ತೆ."
"ಅಮ್ಮ ತಪ್ಪು ಬರೀತಿರಲಿಲ್ಲ."

ಇಲ್ಲ ಮಗು, ಬರೆದಿಲ್ಲ.
ಅವಳ ಲೆಕ್ಕ ಅವಳ ಕಿಡಿಗೆ ಸರಿ.
ಬೇರೆ ಕಿಡಿ ತಂದವರು
ಮೆಟ್ಟಿಲ ಬುಡದಿಂದಲೇ ಹತ್ತಬೇಕು.
ಹೀಗೆ ಅನ್ನಬೇಕೆಂದಿದ್ದೆ.
"ಕೈಪಿಡಿ ತೆಗೆ, ಎಲ್ಲಕ್ಕಿಂತ ಕಡಿಮೆಯದನ್ನು ಓದು" ಅಂದೆ.
ಓದಿದಳು, ಒಂದೊಂದೇ ಅಂಕಿ, ಸಾಲದವಳ ಹತ್ತಿರ ಮಾತಾಡುವಂತೆ.
ಕುಲುಮೆಯ ಬಿಸಿಗಾಳಿ ತಕ್ಕಡಿಯನ್ನು ಅಲುಗಿಸಿತು.
ಅದು ನಿಲ್ಲುವ ತನಕ ಇಬ್ಬರೂ
ಉಸಿರು ಹಿಡಿದು ಕಾದೆವು.

ಮರುದಿನ ಗೋಧಿ ಕೊಯ್ದ ಹೊಲದಂಚು,
ಜುಡಿತ್ ಬೆಟ್ಟದ ಮೇಲೆ ಆಗಲೇ ಹಿಮ.
ಮೊದಲ ಮೂರು ನಾನೇ ಹೊಡೆದೆ, ಅವಳನ್ನು ಹಿಂದೆ ನಿಲ್ಲಿಸಿ.
ಬಿಸಿ ಚಿಪ್ಪು ಹುಲ್ಲಿನಲ್ಲಿ ಹೊಗೆಯಾಡಿತು.
ಅವಳು ಎತ್ತಿ, ಬುಡವನ್ನು ಬೆಳಕಿಗೆ ಹಿಡಿದಳು,
ಜ್ವರದ ಕೂಸಿನ ನಾಲಿಗೆ ನೋಡುವ ಹಾಗೆ.
"ಅಂಚು ಇನ್ನೂ ದುಂಡಗಿದೆ."
ಸ್ವಲ್ಪ ಏರಿಸಿದ್ದು, "ದುಂಡಗಿದೆ."
ಇನ್ನೂ ಸ್ವಲ್ಪ.
ನಾಲ್ಕನೆಯ ಕಂತಿನ ಮೊದಲನೆಯದಕ್ಕೇ ಬೋಲ್ಟು ಬಿಗಿ ಹಿಡಿಯಿತು,
ಪ್ರೈಮರಿನ ಮುಖ ರೊಟ್ಟಿ ತಟ್ಟಿದಂತೆ ಚಪ್ಪಟೆ.
ನಾನು ಬಾಯಿ ತೆಗೆಯುವ ಮೊದಲೇ
"ಸಾಕು" ಅಂದಳು.
ನೆಡ್ರಾಳ ತೂಕಕ್ಕೆ ಇನ್ನೂ ದೂರವಿತ್ತು.

ಮೂರನೆಯ ಕಂತಿಗೇ ಇಳಿದೆವು.
ಆ ಮೂರು ರಂಧ್ರ ಉಪ್ಪಿನಕಾಯಿ ಜಾಡಿಯ ಮುಚ್ಚಳದಡಿ ಅಡಗುತ್ತವೆ.
ಅವಳಮ್ಮನವು ಒಂದು ನಾಣ್ಯದಡಿ ಅಡಗುತ್ತಿದ್ದವು.
ಇಬ್ಬರಿಗೂ ಗೊತ್ತು.
"ಜಿಂಕೆಗೆ ಇಷ್ಟು ಸಾಕಲ್ವಾ?"
ಸಾಕು.

ರಾತ್ರಿ ಹಿಡಿಕೆ ಎಳೆದವಳು ಅವಳೇ, ಹತ್ತು ತೋಟಾ.
ಉಳಿದ ಚಿಕ್ಕ ಬಟ್ಟಲುಗಳನ್ನು ಎರಡು ಸಲ ಎಣಿಸಿ
ಡಬ್ಬಿ ಮುಚ್ಚಿದಳು.
ಆಮೇಲೆ ನೀಲಿ ಪುಸ್ತಕ ಬಿಡಿಸಿ,
"ಅದೇ" "ಅದೇ"ಗಳು ಮುಗಿದ ಜಾಗದ ಕೆಳಗೆ
ಪೆನ್ಸಿಲ್ ಕಚ್ಚುತ್ತಾ ತುಂಬ ಹೊತ್ತು ಕೂತು
ಬರೀ ಒಂದಕ್ಷರ ಬರೆದಳು: ಎಂ.
ಅದು ಮ್ಯಾಗ್ನಮ್ಮಿನದೋ, ಮಾರ್ಲಿಸಳದೋ,
ನಾನು ಕೇಳಲಿಲ್ಲ.